ಹೆಬ್ಬೆರಳಿನ ತೀರ್ಪು

ಮೊಬೈಲ್ ಆಟದ ನಕ್ಷೆಗೆ ಈ ಜಾಗ ಸೇರಿಸಿ ಎಂದು ಹಾಸನದ ಕಡೆಯ ಯಾವುದೋ ಹಳ್ಳಿಯಿಂದ ಒಂದು ನಾಮಿನೇಷನ್ ಬಂದಿದೆ ಎಂದಿಟ್ಟುಕೊಳ್ಳಿ. ಬೇಲಿ ಪಕ್ಕ ವಾಲಿಕೊಂಡ ಕಪ್ಪು ಕಲ್ಲಿನ ಫೋಟೊ. ಅರ್ಧದವರೆಗೆ ಯಾರೋ ಸುಣ್ಣ ಬಳಿದಿದ್ದಾರೆ, ಬುಡದಲ್ಲಿ ಒಂದಷ್ಟು ಕುಂಕುಮ. ಶೀರ್ಷಿಕೆ ‘ಓಲ್ಡ್ ಸ್ಟೋನ್’. ವಿವರಣೆ ಒಂದೇ ಸಾಲು: ತುಂಬಾ ಹಳೆಯದು. ಅವಸರದ ಪರಿಶೀಲಕ ಇಲ್ಲಿಗೇ ಹೆಬ್ಬೆರಳನ್ನು ಕೆಳಗೆ ಮಾಡಿ ಮುಂದಿನದಕ್ಕೆ ಹೋಗುತ್ತಾನೆ. ಫೋಟೊವನ್ನು ಹಿಗ್ಗಿಸಿ ನೋಡಿದವನಿಗೆ ಬೇರೆಯೇ ಕಾಣುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿರಿದವನ ಕಾಳಗ, ನಡುವೆ ಅವನನ್ನು ಎರಡೂ ಕಡೆಯಿಂದ ಹಿಡಿದು ಒಯ್ಯುತ್ತಿರುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ಅವನ ನೆತ್ತಿಯ ಮೇಲೆ ಸೂರ್ಯ ಚಂದ್ರ. ವೀರಗಲ್ಲು! ಶೀರ್ಷಿಕೆ ಕೆಟ್ಟದು, ವಿವರಣೆ ಇನ್ನೂ ಕೆಟ್ಟದು, ಜಾಗ ಮಾತ್ರ ಅಪ್ಪಟ. ಪರಿಶೀಲಕನ ನಿಜವಾದ ಪರೀಕ್ಷೆ ನಡೆಯುವುದು ಇಂಥ ಕಡೆಯಲ್ಲೇ.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಎರಡು ಮಾತು. ನಯಾಂಟಿಕ್ ಕಂಪನಿ 2012ರಲ್ಲಿ ‘ಇಂಗ್ರೆಸ್’ ಎಂಬ ಮೊಬೈಲ್ ಆಟ ತಂದಿತು. ಗುಡಿ, ಪ್ರತಿಮೆ, ಗ್ರಂಥಾಲಯಗಳೆಲ್ಲ ಅದರಲ್ಲಿ ‘ಪೋರ್ಟಲ್’ ಆದವು. ಇವುಗಳಲ್ಲಿ ಬಹಳಷ್ಟನ್ನು ಸೂಚಿಸಿದವರು ಆಟಗಾರರೇ. 2016ರಲ್ಲಿ ‘ಪೋಕೆಮಾನ್ ಗೋ’ ಬಂದಾಗ ಅವುಗಳಲ್ಲಿ ಬಹಳಷ್ಟು ಪೋರ್ಟಲ್‌ಗಳು ಪೋಕೆಸ್ಟಾಪ್, ಜಿಮ್ ಎಂಬ ಹೊಸ ವೇಷ ತೊಟ್ಟವು. ಹೊಸ ಜಾಗಗಳನ್ನು ಸೂಚಿಸುವವರೂ ಆಟಗಾರರು, ಅವನ್ನು ಒಪ್ಪುವ ಅಥವಾ ತಳ್ಳುವ ಹೆಚ್ಚಿನ ಕೆಲಸ ಮಾಡುವವರೂ ಆಟಗಾರರು. ಆ ತೀರ್ಪಿನ ಕಟ್ಟೆಯೇ ‘ವೇಫೇರರ್’, 2019ರಲ್ಲಿ ಶುರುವಾಯಿತು. ಸಂಬಳವಿಲ್ಲ. ನೂರು ತೀರ್ಪುಗಳು ಉಳಿದವರ ತೀರ್ಪಿನೊಂದಿಗೆ ಹೊಂದಿದರೆ ನಿಮ್ಮ ಒಂದು ನಾಮಿನೇಷನ್ ಸರತಿಯಲ್ಲಿ ಮುಂದಕ್ಕೆ ಬರುವ ‘ಅಪ್‌ಗ್ರೇಡ್’ ಸಿಗುತ್ತದೆ, ಅಷ್ಟೇ.

ನಿಯಮಗಳು ಉದ್ದವೇನಲ್ಲ. ಜಾಗ ಸುತ್ತಾಡಿ ನೋಡಲು ಯೋಗ್ಯವಾಗಿರಬೇಕು, ಇಲ್ಲವೇ ಮೈ ದಂಡಿಸಲು, ಇಲ್ಲವೇ ನಾಲ್ಕು ಜನ ಸೇರಲು. ಮೂರರಲ್ಲಿ ಒಂದಾದರೂ ಸಾಕು. ಜೊತೆಗೆ ಅದು ಶಾಶ್ವತವಾಗಿರಬೇಕು, ಎದ್ದು ಕಾಣಬೇಕು, ಕಾಲ್ನಡಿಗೆಯಲ್ಲಿ ಅಪಾಯವಿಲ್ಲದೆ ತಲುಪುವಂತಿರಬೇಕು. ಒಂದು ಸಂಜೆ ಕೂತರೆ ಪೂರ್ತಿ ಓದಿ ಮುಗಿಸಬಹುದು. ಹಾಗಿದ್ದರೂ ಒಳ್ಳೆಯ ಪರಿಶೀಲಕರು ವಿರಳ. ನನ್ನ ಲೆಕ್ಕದಲ್ಲಿ ಕಾರಣ ಇಷ್ಟೆ: ಬಹುಪಾಲು ಜನ ನಾಮಿನೇಷನ್ ಓದುತ್ತಾರೆ, ಜಾಗ ನೋಡುವುದಿಲ್ಲ. ಚಂದದ ಇಂಗ್ಲಿಷಿಗೆ ಮಾರುಹೋಗಿ ಸಾಧಾರಣ ಪಾರ್ಕ್ ಬೆಂಚನ್ನು ಒಪ್ಪುತ್ತಾರೆ, ತಪ್ಪು ಕಾಗುಣಿತಕ್ಕೆ ಸಿಟ್ಟಾಗಿ ವೀರಗಲ್ಲನ್ನು ತಳ್ಳುತ್ತಾರೆ. ಶೀರ್ಷಿಕೆಯನ್ನು ಆಮೇಲೆ ಇನ್ನೊಬ್ಬ ಆಟಗಾರನೂ ತಿದ್ದುಪಡಿಗೆ ಹಾಕಬಹುದು. ತಳ್ಳಿಸಿಕೊಂಡ ಜಾಗವನ್ನು ಮತ್ತೆ ಎತ್ತಿಕೊಂಡು ಬರುವವರು ಸಿಗುವುದು ಕಷ್ಟ.

ನೋಡುವುದು ಎಂದರೆ ಏನು? ಮೊದಲು ಮುಖ್ಯ ಫೋಟೊ, ಆಮೇಲೆ ಜಾಗದ ಸುತ್ತಮುತ್ತ ತೋರಿಸುವ ಪೂರಕ ಫೋಟೊ. ಎರಡನೆಯದನ್ನು ಸರಿಯಾಗಿ ನೋಡುವವರೇ ಕಡಿಮೆ, ಸತ್ಯ ಇರುವುದು ಅಲ್ಲೇ. ಹಿನ್ನೆಲೆಯ ವಿದ್ಯುತ್ ಕಂಬ, ಎದುರು ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕು, ರಸ್ತೆ ತಿರುಗಿದ ಕೋನ ಇವನ್ನು ಉಪಗ್ರಹ ಚಿತ್ರದ ಜೊತೆ ತಾಳೆ ಹಾಕಿ. ಮನೆಯಲ್ಲಿ ಕೂತೇ ಆಡುವ ಆಸೆಗೆ ಇನ್ನೂರು ಮೀಟರ್ ಆಚೆಯ ಗುಡಿಯನ್ನು ತಮ್ಮ ಮನೆ ಬಾಗಿಲಿಗೆ ಎಳೆದುಕೊಳ್ಳುವ ಮಹಾನುಭಾವರು ಎಲ್ಲ ಊರಲ್ಲೂ ಇದ್ದಾರೆ. ಫೋಟೊ ಅಸಲಿ, ಗುಡಿ ಅಸಲಿ, ನಕ್ಷೆಯ ಮೇಲಿನ ಪಿನ್ ಮಾತ್ರ ಸುಳ್ಳು.

ಭಾರತದಲ್ಲಿ ಈ ತಾಳೆ ನೋಡುವ ಕೆಲಸ ಬಹಳ ವರ್ಷ ಕತ್ತಲಲ್ಲೇ ನಡೆಯಿತು. ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳು 2011ರಲ್ಲಿ ಬೆಂಗಳೂರಿನಲ್ಲಿ ಓಡಾಟ ಶುರುಮಾಡಿದ ಕೆಲವೇ ವಾರಗಳಲ್ಲಿ ಪೊಲೀಸರು ತಡೆದರು. ಬೀದಿಯ ಚಿತ್ರಗಳು ಮತ್ತೆ ಬಂದದ್ದು 2022ರ ಜುಲೈಯಲ್ಲಿ, ಅದೂ ಬೆಂಗಳೂರು ಸೇರಿ ಹತ್ತು ನಗರಗಳಿಂದ ಆರಂಭವಾಗಿ. ಅಲ್ಲಿಯವರೆಗೆ ನಮಗಿದ್ದ ಆಸರೆ ಉಪಗ್ರಹ ಚಿತ್ರ ಮತ್ತು ಜನರೇ ಏರಿಸಿದ 360 ಡಿಗ್ರಿ ಫೋಟೊಗಳು. ಉಪಗ್ರಹಕ್ಕೆ ಅರಳಿಮರ ಕಾಣುತ್ತದೆ, ಅದರ ಬುಡದ ಕಟ್ಟೆಯಾಗಲಿ ನಾಗರಕಲ್ಲಾಗಲಿ ಕಾಣುವುದಿಲ್ಲ. ‘ಮೇಲಿಂದ ಏನೂ ಕಾಣಿಸುತ್ತಿಲ್ಲ’ ಎಂದು ಇಂಥ ಜಾಗವನ್ನು ತಳ್ಳುವುದು ತಪ್ಪು. ಪೂರಕ ಫೋಟೊದಲ್ಲಿ ಮರವೂ ರಸ್ತೆಯೂ ಒಟ್ಟಿಗೆ ಕಂಡರೆ ಸಾಕ್ಷಿ ಸಿಕ್ಕಂತೆಯೇ. 360 ಡಿಗ್ರಿ ಫೋಟೊವನ್ನು ಪರಮಸತ್ಯ ಎಂದು ನಂಬುವುದೂ ಅಷ್ಟೇ ತಪ್ಪು. ಸುಳ್ಳು ಪಿನ್ನಿಗೆ ಸಾಕ್ಷಿಯಾಗಲೆಂದೇ ಅದನ್ನು ತಪ್ಪು ಜಾಗಕ್ಕೆ ಏರಿಸುವವರಿದ್ದಾರೆ.

ಈಗ ನಮ್ಮ ರಾಜ್ಯದ ಪರಿಶೀಲಕರೇ ಬಿಡಿಸಬೇಕಾದ ಒಂದು ಗಂಟು. ಹನ್ನೆರಡನೇ ತರಗತಿವರೆಗಿನ ಶಾಲೆಗಳ ಆವರಣದಲ್ಲಿ ಯಾವ ಜಾಗವೂ ಇರಕೂಡದು ಎಂಬುದು ಕಟ್ಟುನಿಟ್ಟಿನ ನಿಯಮ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಅಡ್ಡಿಯಿಲ್ಲ. ಅಮೆರಿಕದಲ್ಲಿ ಹನ್ನೆರಡು ಮುಗಿಸಿದವರು ಕಾಲೇಜಿಗೆ ಹೋಗುತ್ತಾರೆ, ಹಾಗಾಗಿ ಅಲ್ಲಿ ಗೊಂದಲವಿಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಮರುತಿಂಗಳೇ ಹುಡುಗರು ‘ಕಾಲೇಜು’ ಸೇರುತ್ತಾರೆ. ಪಿಯು ಕಾಲೇಜಿನ ಆವರಣದ ಸರಸ್ವತಿ ಪ್ರತಿಮೆ ನಾಮಿನೇಷನ್‌ಗೆ ಬಂದರೆ ಹೊರರಾಜ್ಯದ ಪರಿಶೀಲಕ ಬೋರ್ಡಿನ ಮೇಲೆ ‘ಕಾಲೇಜು’ ಎಂದು ಓದಿ ಖುಷಿಯಾಗಿ ಒಪ್ಪುತ್ತಾನೆ. ಆದರೆ ಅಲ್ಲಿ ಓದುವವರು ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳು. ಅದೇ ಬೋರ್ಡಿನ ಕೆಳಸಾಲಿನಲ್ಲಿ ಎಷ್ಟೋ ಕಡೆ ‘ಪ್ರೌಢಶಾಲಾ ವಿಭಾಗ’ ಎಂದೂ ಬರೆದಿರುತ್ತದೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಂತೂ ಪುಟ್ಟ ಮಕ್ಕಳಿಂದ ಪಿಯುವರೆಗೆ ಒಂದೇ ಕಾಂಪೌಂಡು. ನನ್ನ ತೀರ್ಪು ಖಚಿತ: ಪಿಯು ಕಾಲೇಜು ಎಂದರೆ ಶಾಲೆಯೇ. ಪದವಿ ಕಾಲೇಜು ಪ್ರತ್ಯೇಕ ಆವರಣದಲ್ಲಿದ್ದರೆ ಮಾತ್ರ ಒಪ್ಪಿಗೆ. ‘ಭಾನುವಾರ ಊರಿನವರೆಲ್ಲ ಅದೇ ಮೈದಾನದಲ್ಲಿ ಕ್ರಿಕೆಟ್ ಆಡುತ್ತಾರಲ್ಲ’ ಎಂದು ವಾದಿಸುವವರಿದ್ದಾರೆ. ಆಡಲಿ. ಸೋಮವಾರ ಬೆಳಿಗ್ಗೆ ಗೇಟಿನ ಬಳಿ ಫೋನ್ ಹಿಡಿದು ನಿಂತ ಅಪರಿಚಿತನನ್ನು ಕಂಡರೆ ಅದೇ ಮಕ್ಕಳ ತಂದೆತಾಯಿ ಏನು ತಿಳಿದಾರು?

ಮನೆಗಳ ವಿಷಯದಲ್ಲೂ ಇದೇ ಬಿಗಿ. ಪೋಕೆಮಾನ್ ಗೋ ಬಂದ ಹೊಸದರಲ್ಲಿ ಅಮೆರಿಕದ ಮನೆಮಾಲೀಕರು ತಮ್ಮ ಅಂಗಳಕ್ಕೆ ನುಗ್ಗುವ ಆಟಗಾರರ ಕಾಟ ತಾಳದೆ ಕೋರ್ಟಿಗೆ ಹೋದರು. 2019ರ ರಾಜಿಯಂತೆ, ಒಂಟಿ ಕುಟುಂಬದ ಮನೆಯಿಂದ 40 ಮೀಟರ್ ಒಳಗಿನ ಪೋಕೆಸ್ಟಾಪ್ ಬಗ್ಗೆ ಮಾಲೀಕ ದೂರಿದರೆ ಅದನ್ನು ತೆಗೆಯಲು ಕಂಪನಿ ಒಪ್ಪಿಕೊಂಡಿತು. ಅಂಗಳದ ತುಳಸಿಕಟ್ಟೆ ಎಷ್ಟೇ ಸುಂದರವಾಗಿರಲಿ, ಅದು ಮನೆಯವರದು. ಕರಾವಳಿಯಲ್ಲಿ ಮನೆತನದ ಚಾವಡಿಯೊಳಗೆ ನಂಬಿಕೊಂಡು ಬಂದ ದೈವದ ಕೋಣೆಗೂ ಊರಿಗೆಲ್ಲ ಸೇರಿದ ದೈವಸ್ಥಾನಕ್ಕೂ ಇರುವ ವ್ಯತ್ಯಾಸ ಫೋಟೊದಲ್ಲಿ ಕಾಣುವುದಿಲ್ಲ, ಅಲ್ಲಿಯವರಿಗೆ ಗೊತ್ತಿರುತ್ತದೆ. ಅಪಾರ್ಟ್‌ಮೆಂಟಿನ ಒಳಗಿನ ಆಟದಂಗಳದ ಮಾತು ಬೇರೆ. ಗೇಟಿನಲ್ಲಿ ಸೆಕ್ಯೂರಿಟಿಯವರು ನಿಮ್ಮನ್ನು ಬಿಡದಿರಬಹುದು, ಒಳಗಿನ ನೂರಾರು ನಿವಾಸಿಗಳನ್ನು ಬಿಡುತ್ತಾರಲ್ಲ! ‘ನನಗೆ ಹೋಗಲಾಗದು’ ಎಂಬುದು ತಳ್ಳಲು ಕಾರಣವೇ ಅಲ್ಲ.

ಅಪಾಯದ ಪ್ರಶ್ನೆಯಲ್ಲಿ ನಾವು ಬೆಂಗಳೂರಿನವರು ತೀರಾ ಉದಾರಿಗಳು, ದಿನವೂ ಪ್ರಾಣ ಕೈಲಿ ಹಿಡಿದೇ ರಸ್ತೆ ದಾಟುವ ಅಭ್ಯಾಸದಿಂದಲೋ ಏನೋ. ನಾಲ್ಕು ದಿಕ್ಕಿನಿಂದ ಬಿಎಂಟಿಸಿ ಬಸ್ಸು ನುಗ್ಗುವ ವೃತ್ತದ ನಟ್ಟನಡುವೆ ಕಂಬಿ ಬೇಲಿಯೊಳಗಿನ ಪ್ರತಿಮೆಗೆ ‘ಸೇಫ್’ ಎಂದು ಒತ್ತುತ್ತೇವೆ. ‘ದೂರದಿಂದಲೇ ಫೋನಿನಲ್ಲಿ ಪೋಕೆಸ್ಟಾಪ್ ತಿರುಗಿಸಬಹುದಲ್ಲ’ ಎಂಬುದು ಮಾಮೂಲಿ ಸಮರ್ಥನೆ. ಪೋಕೆಸ್ಟಾಪ್ ಕೈಗೆಟಕುವ ದೂರ ಮೊದಲು 40 ಮೀಟರ್ ಇತ್ತು, ಕೋವಿಡ್ ಕಾಲದಲ್ಲಿ 80 ಮಾಡಿದರು, 2021ರಲ್ಲಿ ಮತ್ತೆ ಇಳಿಸಲು ಹೋದಾಗ ಆಟಗಾರರು ಗಲಾಟೆ ಎಬ್ಬಿಸಿ 80ರಲ್ಲೇ ಉಳಿಸಿಕೊಂಡರು. ಅದೆಲ್ಲ ಆ ಆಟದ ಮಾತು. ಪರಿಶೀಲಕ ಕೇಳಿಕೊಳ್ಳಬೇಕಾದದ್ದು ಒಂದೇ: ಆ ಪ್ರತಿಮೆಯ ಪಕ್ಕಕ್ಕೇ ನಡೆದು ಹೋಗಿ ನಿಲ್ಲಲು ದಾರಿ ಇದೆಯೇ? ಇಲ್ಲದಿದ್ದರೆ ಹೆಬ್ಬೆರಳು ಕೆಳಗೆ, ಪ್ರತಿಮೆ ಯಾರದೇ ಇರಲಿ.

ಆಟಗಳ ಒಳಲೆಕ್ಕವನ್ನು ತೀರ್ಪಿಗೆ ಬೆರೆಸುವ ಚಟ ಇನ್ನೊಂದಿದೆ. ಪೋಕೆಮಾನ್ ಗೋ ಭೂಮಿಯನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗ ಮಾಡಿ ಒಂದು ಚೌಕಕ್ಕೆ ಒಂದೇ ಪೋಕೆಸ್ಟಾಪ್ ತೋರಿಸುತ್ತದೆ. ಇಂಗ್ರೆಸ್‌ನ ಲೆಕ್ಕ ಬೇರೆ. ‘ಆ ಚೌಕ ತುಂಬಿದೆ’ ಎಂದು ಒಳ್ಳೆಯ ಪುಷ್ಕರಣಿಯನ್ನು ತಳ್ಳುವುದು ಪರಿಶೀಲಕನ ಕೆಲಸವಲ್ಲ. ಗುಡಿ ಈಗಾಗಲೇ ಇದೆ ಎಂದು ಅದರ ಕಲ್ಯಾಣಿಯನ್ನೋ ರಥದ ಮನೆಯನ್ನೋ ‘ಡೂಪ್ಲಿಕೇಟ್’ ಎನ್ನುವುದೂ ಅಲ್ಲ.

ಗುಡಿಗಳ ಮಾತು ಬಂದಾಗ ನೆನಪಾಯಿತು. ಪೋಕೆಮಾನ್ ಗೋ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾದದ್ದು 2016ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲೇ, ದೇವಸ್ಥಾನಗಳಲ್ಲಿ ಆಟದ ಮೊಟ್ಟೆ ಸಿಗುತ್ತದೆ, ಭಕ್ತರಿಗೆ ನೋವಾಗುತ್ತದೆ ಎಂಬ ಅರ್ಜಿಯ ಮೇಲೆ ಗುಜರಾತ್ ಹೈಕೋರ್ಟ್ ಕಂಪನಿಗೆ ನೋಟಿಸ್ ಕಳಿಸಿತ್ತು! ಮೊಟ್ಟೆ ಇದ್ದದ್ದು ಪರದೆಯ ಮೇಲೆ ಮಾತ್ರ ಎಂಬುದು ಬೇರೆ ಮಾತು.

ರುಚಿಗೆ ಬಿಟ್ಟ ತೀರ್ಮಾನಗಳೂ ಇವೆ, ಈ ಹವ್ಯಾಸದ ಸುಖ ಇರುವುದೇ ಅಲ್ಲಿ. ಬೆಂಗಳೂರಿನ ಬಡಾವಣೆಗಳ ತಿರುವಿನಲ್ಲೆಲ್ಲ ಕಾಣುವ ಹಳದಿ-ಕೆಂಪು ಬಾವುಟದ ಕಂಬ ಒಂದೇ ಇದ್ದರೆ ನಾನು ಒಪ್ಪುವುದಿಲ್ಲ. ಕಂಬದ ಬುಡದಲ್ಲಿ ಗಟ್ಟಿ ಕಟ್ಟೆ, ಮೇಲೆ ರಾಜಕುಮಾರ್ ಅವರದೋ ಶಂಕರನಾಗ್ ಅವರದೋ ಪುತ್ಥಳಿ, ನವೆಂಬರ್‌ನಲ್ಲಿ ಜನ ಸೇರುವ ಜಾಗ ಎಂದಾದರೆ ಎರಡು ಮಾತಿಲ್ಲದೆ ಒಪ್ಪುತ್ತೇನೆ. ಗಣೇಶನ ಪೆಂಡಾಲ್ ಹತ್ತು ದಿನದ್ದು, ಬೇಡ. ದರ್ಶಿನಿಗಳು ಗಲ್ಲಿಗೊಂದಿವೆ, ಅವೂ ಬೇಡ. 1943ರಿಂದ ಗಾಂಧಿಬಜಾರಿನಲ್ಲಿ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನದಂಥದ್ದಾದರೆ ಬೇಕೇ ಬೇಕು. ಹಳೇ ಮೈಸೂರಿನ ಗರಡಿಮನೆಗೆ ಹೆಂಚು ಬಿದ್ದಿದ್ದರೂ ಒಳಗೆ ಮಟ್ಟಿ ಹದವಾಗಿದ್ದರೆ ನನ್ನ ಹೆಬ್ಬೆರಳು ತಾನಾಗಿ ಮೇಲೇಳುತ್ತದೆ.

ಕೊನೆಗೆ ಅಂಕಿಗಳ ವ್ಯಾಮೋಹ. ತೀರ್ಪು ಇತರರದರೊಂದಿಗೆ ಹೊಂದಿದರೆ ರೇಟಿಂಗ್ ಏರುತ್ತದೆ, ಹೊಂದದಿದ್ದರೆ ಇಳಿಯುತ್ತದೆ. ಹೊಸಬರು ಬಹುಬೇಗ ‘ಜನ ಏನು ಒತ್ತಿಯಾರು’ ಎಂದು ಊಹಿಸಿ ಒತ್ತುವ ಚಾಳಿಗೆ ಬೀಳುತ್ತಾರೆ. ಅದರಿಂದ ಅಪ್‌ಗ್ರೇಡ್ ಸಿಕ್ಕೀತು, ಕಣ್ಣು ಪಳಗದು. ಪ್ರತಿ ಪ್ರಶ್ನೆಗೂ ‘ಗೊತ್ತಿಲ್ಲ’ ಎಂಬ ಆಯ್ಕೆ ಇದೆ, ಇಡೀ ನಾಮಿನೇಷನ್ ಬಿಟ್ಟು ಮುಂದೆ ಹೋಗುವ ಅವಕಾಶವೂ ಇದೆ. ಕೊಡಗಿನ ಐನ್‌ಮನೆಯೋ ಕಲಬುರಗಿಯ ದರ್ಗಾವೋ ಎದುರಿಗೆ ಬಂದು ಅದರ ಬಗ್ಗೆ ಏನೂ ತಿಳಿಯದಿದ್ದಾಗ ಬಿಟ್ಟುಬಿಡುವವನೇ ನನ್ನ ಮಟ್ಟಿಗೆ ಪಳಗಿದ ಪರಿಶೀಲಕ.

ವೇಫೇರರ್‌ನಲ್ಲಿ ಯಾವ ಊರಿನ ನಾಮಿನೇಷನ್‌ಗಳನ್ನು ನೋಡಬೇಕೆಂದು ಮನೆಯ ಜಾಗದ ಜೊತೆಗೆ ‘ಬೋನಸ್’ ಜಾಗವೊಂದನ್ನು ಆರಿಸಿಕೊಳ್ಳಬಹುದು. ನಮ್ಮಲ್ಲಿ ಹೆಚ್ಚಿನವರು ಅದನ್ನೂ ಇಂದಿರಾನಗರ, ಜಯನಗರಕ್ಕೇ ಇಟ್ಟುಕೊಂಡು ಅಲ್ಲಿನ ಕೆಫೆಗಳಿಗೆ ತೀರ್ಪು ಕೊಡುತ್ತಾ ಕೂತಿದ್ದೇವೆ. ಈ ವಾರ ಅದನ್ನು ಬದಲಿಸಿ. ಅಜ್ಜಿಯ ಊರಿನ ತಾಲ್ಲೂಕಿಗೆ ಇಡಿ. ಅಲ್ಲಿಯ ಕಲ್ಲು, ಕಟ್ಟೆ, ಕೆರೆ ಏರಿಗಳನ್ನು ನೋಡಿ ಗುರುತು ಹಿಡಿಯಬಲ್ಲವರು ಪರಿಶೀಲಕರಲ್ಲಿ ತೀರಾ ಕಡಿಮೆ ಇದ್ದಾರೆ.