ಅರಸರ ಕಿವಿ, ಅಪರಿಚಿತರ ಸಂಗೀತ

ಒಂದು ಕೃತಿ ಉಳಿಯಲು ಕರ್ನಾಟಕ ಸಂಗೀತದಲ್ಲಿ ಒಬ್ಬ ಒಳ್ಳೆಯ ಶಿಷ್ಯನಿದ್ದರೆ ಸಾಕು. ಯುರೋಪಿನ ಸಿಂಫನಿಗೆ ಅಷ್ಟು ಸಾಲದು. ಎಂಬತ್ತು ಮಂದಿ ವಾದಕರು, ಎಲ್ಲರ ಮುಂದೆಯೂ ಸ್ವರಲಿಪಿ, ನಡೆಸಲು ಒಬ್ಬ ನಿರ್ದೇಶಕ, ಬಾಡಿಗೆಯ ಸಭಾಂಗಣ, ದಿನಗಟ್ಟಲೆ ತಾಲೀಮು ಇಷ್ಟೂ ಕೂಡಿಬಂದರೆ ಅದು ಅರ್ಧ ಮುಕ್ಕಾಲು ಗಂಟೆ ಕೇಳಿಸುತ್ತದೆ. ಟಿಕೇಟು ಕೊಳ್ಳುವವರಿಗೆ ಬೀಥೋವನ್ನೇ ಬೇಕು. ಹಾಗಾಗಿ ಉಳಿದವರ ಸ್ವರಲಿಪಿ ಕಪಾಟು ಬಿಟ್ಟು ಈಚೆ ಬರುವುದು ಅಪರೂಪ. ಸಭಾಂಗಣದಲ್ಲಿ ಜಾಗ ಸಿಗದ ಸಂಗೀತವನ್ನು ಗ್ರಾಮಫೋನ್ ತಟ್ಟೆಯಲ್ಲಾದರೂ ಉಳಿಸಬೇಕೆಂಬ ಹಟ ಹುಟ್ಟಿದ್ದು ಇದರಿಂದಲೇ. ಆ ಹಟದ ಚರಿತ್ರೆಯಲ್ಲಿ ಮೈಸೂರಿಗೆ ದೊಡ್ಡ ಪಾಲಿದೆ.

ಆ ಹಟಕ್ಕೊಂದು ವ್ಯವಸ್ಥೆ ಕಟ್ಟಿದವನು ಎಚ್.ಎಂ.ವಿ. ಕಂಪನಿಯ ವಾಲ್ಟರ್ ಲೆಗ್. 1931ರಲ್ಲಿ ಹ್ಯೂಗೊ ವೋಲ್ಫ್‌ನ ಹಾಡುಗಳಿಗಾಗಿ ಅವನು ಚಂದಾ ಯೋಜನೆ ತೆಗೆದ. ಐನೂರು ಜನ ಮುಂಗಡ ಕೊಟ್ಟರೆ ಮುದ್ರಣ, ಇಲ್ಲದಿದ್ದರೆ ಇಲ್ಲ. ಮರುವರ್ಷ ಸಿಬೆಲಿಯಸ್‌ಗೂ ಅಂಥದೇ ಸಂಘ ಹುಟ್ಟಿತು. ನಷ್ಟದ ಭಯ ಕಂಪನಿಯ ತಲೆಯಿಂದ ಕೇಳುಗರ ಜೇಬಿಗೆ ದಾಟಿತು, ಅಷ್ಟೆ. ಆದರೆ ಹಣ ಕೊಟ್ಟು ತಿಂಗಳುಗಟ್ಟಲೆ ಕಾದವನು ತಟ್ಟೆ ಕೈಗೆ ಬಂದ ಮೇಲೆ ಅದನ್ನು ಒಮ್ಮೆ ಹಾಕಿ ಮೂಲೆಗಿಡುವುದಿಲ್ಲ. ಈ ಯೋಜನೆಯ ನಿಜವಾದ ಲಾಭ ಅಲ್ಲಿತ್ತು ಎಂದು ನನಗನಿಸುತ್ತದೆ.

ಮೈಸೂರಿನ ಅರಸ ಜಯಚಾಮರಾಜ ಒಡೆಯರಿಗೆ ಚಂದಾದಾರರು ಬೇಕಿರಲಿಲ್ಲ, ಅವರೊಬ್ಬರೇ ಸಾಕಾಗಿತ್ತು. ಪಿಯಾನೊ ನುಡಿಸುತ್ತಿದ್ದವರು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದವೆಂಬ ಅಂದಾಜಿದೆ. ಅವರ ಒಲವು ಹೋದದ್ದು ಸಂಯೋಜಕ ನಿಕೊಲಾಯ್ ಮೆಟ್ನರ್ ಕಡೆಗೆ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1921ರಲ್ಲಿ ರಷ್ಯಾ ಬಿಟ್ಟು, ಕೊನೆಗೆ ಲಂಡನ್ ಸೇರಿದ ಮೆಟ್ನರ್‌ಗೆ ಆಧುನಿಕರ ಸಂಗೀತ ಒಗ್ಗುತ್ತಿರಲಿಲ್ಲ, ಕಾಲಕ್ಕೆ ಅವನೂ ಒಗ್ಗಲಿಲ್ಲ. ಲೆಗ್ ಮೈಸೂರಿಗೇ ಬಂದು ಅರಸರ ಅತಿಥಿಯಾಗಿದ್ದಾಗ ಮೆಟ್ನರ್‌ನ ಧ್ವನಿಮುದ್ರಣಗಳ ಖರ್ಚಷ್ಟೇ ಅಲ್ಲ, ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲೂ ಅರಸರು ಒಪ್ಪಿದರು.

1947ರಲ್ಲಿ ಮೂರೂ ಪಿಯಾನೊ ಕಾನ್ಸರ್ಟೊಗಳ ಮುದ್ರಣವಾಯಿತು. ಪಿಯಾನೊ ಮುಂದೆ ಕೂತವನು ಅರವತ್ತೇಳರ, ಹೃದಯರೋಗದ ಮೆಟ್ನರ್. ಅದೇ ವರ್ಷ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಯಿತು. ಈ ಹಣ ಯಾರದು ಎಂದು ಕೇಳಬಹುದು, ಕೇಳಬೇಕು. ಸಂಗೀತ ಚೆನ್ನಾಗಿದೆ ಎಂಬುದು ಆ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಚೆನ್ನಾಗಿರುವುದಂತೂ ಹೌದು, ಆದರೆ ಮೊದಲ ಸಲಕ್ಕೆ ಅಲ್ಲ. ಅರಸರಿಗೆ ಅರ್ಪಿತವಾದ ಮೂರನೆಯ ಕಾನ್ಸರ್ಟೊ ಲೆರ್ಮೊಂತೊವ್‌ನ ಜಲಕನ್ಯೆಯ ಕವಿತೆಯ ನೆನಪಿನಲ್ಲಿ ಏಳುತ್ತದೆ. ಮೂರು ಭಾಗಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲ ಕೇಳಿಕೆಯಲ್ಲಿ ಗುನುಗಿಕೊಳ್ಳಲು ಒಂದು ಸಾಲೂ ಸಿಗುವುದಿಲ್ಲ. ರಾಕ್ಮನಿನೋವ್ ಇಂಥ ಕಡೆ ಧಾರಾಳಿ, ರಾಗವನ್ನು ಎತ್ತಿ ಕೈಗೇ ಕೊಡುತ್ತಾನೆ. ಅವನ ಆಪ್ತ ಗೆಳೆಯ ಮೆಟ್ನರ್ ಅದನ್ನು ಎಡಗೈಯ ದಟ್ಟಣೆಯಲ್ಲಿ ಹುದುಗಿಸುತ್ತಾನೆ. ಮೂರನೆಯ ಸಲ ಕೇಳುವಾಗ ಮಾತ್ರ, ಆರಂಭದಲ್ಲಿ ಬರೀ ಅಲಂಕಾರವೆಂದು ಬಿಟ್ಟಿದ್ದ ಎಳೆಯೇ ಕೊನೆಯ ಭಾಗವನ್ನು ಹೊತ್ತು ನಿಂತಿರುವುದು ಗೊತ್ತಾಗುತ್ತದೆ. ವಾದ್ಯವೃಂದದ ಬರವಣಿಗೆಯಲ್ಲಿ ಅವನ ಕೈ ಭಾರ. ಪಿಯಾನೊ ಉಸಿರಾಡಬೇಕಾದ ಕಡೆಯೂ ತಂತಿವಾದ್ಯಗಳು ಮುತ್ತಿಕೊಳ್ಳುತ್ತವೆ. ಸಭಾಂಗಣದಲ್ಲಿ ಒಮ್ಮೆ ನುಡಿಸಿ ಗೆಲ್ಲುವ ಸಂಗೀತವಲ್ಲ ಇದು. ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಡಬಲ್ಲ ಯಂತ್ರ ಇದಕ್ಕೆ ಬೇಕಿತ್ತು, ಮೈಸೂರಿನ ಹಣ ಅದನ್ನು ಒದಗಿಸಿತು.

ಆದರೆ ಹೊತ್ತು ಕೂಡಿಬರಲಿಲ್ಲ. ಆ ತಟ್ಟೆಗಳು 78 ಸುತ್ತಿನವು. ನಾಲ್ಕೂವರೆ ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕು. ಅಮೆರಿಕದಲ್ಲಿ 1948ರಲ್ಲೇ ಎಲ್.ಪಿ. ಬಂದಿತ್ತು. ಕೆಲವೇ ವರ್ಷಗಳಲ್ಲಿ ಹಳೆಯ ಸಂಪುಟಗಳನ್ನು ಕೇಳುವವರೇ ಇಲ್ಲವಾದರು. 1951ರಲ್ಲಿ ಮೆಟ್ನರ್ ತೀರಿಕೊಂಡ.

ಅರಸರ ಆಯ್ಕೆ ಮೆಟ್ನರ್‌ಗೇ ನಿಲ್ಲಲಿಲ್ಲ. ಬಾಲಕಿರೆವ್‌ನ ಮೊದಲ ಸಿಂಫನಿಯನ್ನೂ ರೂಸೆಲ್‌ನ ನಾಲ್ಕನೆಯದನ್ನೂ ಇದೇ ಬೆಂಬಲದಲ್ಲಿ 1949ರಲ್ಲಿ ನಿರ್ದೇಶಕ ಕಾರಯಾನ್ ಮುದ್ರಿಸಿದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದಾಗ 4,800 ಡಾಲರಿನ ಖಾತರಿ ಮೈಸೂರಿನದು. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಕ ಫುರ್ಟ್‌ವೆಂಗ್ಲರ್. ಉಳಿದಿರುವ ಮುದ್ರಿಕೆ ಕರಕರ ಎನ್ನುತ್ತದೆ, ಆದರೂ ಆ ಹಾಡುಗಳು ಇಂದು ಎಲ್ಲ ಸೊಪ್ರಾನೊಗಳ ಬಾಯಲ್ಲಿವೆ. ಬಾಲಕಿರೆವ್‌ನ ಸಿಂಫನಿಯನ್ನು 1955ರಲ್ಲಿ ಬೀಚಮ್ ಮತ್ತೆ ಮುದ್ರಿಸಿದ. 1864ರಲ್ಲಿ ಶುರುವಾಗಿ 1897ರಲ್ಲಿ ಮುಗಿದ ಆ ಕೃತಿಗೆ ಎರಡನೆಯ ಕೈ ಸಿಕ್ಕಿತು. ಕಾರಯಾನ್‌ನಲ್ಲಿ ಹೊಳಪು ಹೆಚ್ಚು, ಬೀಚಮ್‌ನಲ್ಲಿ ಲವಲವಿಕೆ. ಎರಡನ್ನೂ ಒಟ್ಟಿಗಿಟ್ಟು ಕೇಳಿದಾಗಲೇ ನಿರ್ದೇಶಕರನ್ನು ಬದಿಗೆ ಸರಿಸಿ ಬಾಲಕಿರೆವ್ ಎದ್ದು ಬರುವುದು.

ಈ ಎರಡನೆಯ ಕೈಯೇ ಮುಂದಿನವರ ಪರಂಪರೆಯಲ್ಲಿ ಕಾಣೆಯಾಯಿತು. ಅಮೆರಿಕದ ಲೂಯಿವಿಲ್ ವಾದ್ಯವೃಂದಕ್ಕೆ 1953ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದಿಂದ 4,00,000 ಡಾಲರ್ ಬಂತು. ಹೊಸ ಕೃತಿಗಳನ್ನು ಬರೆಸುವುದು, ನುಡಿಸುವುದು, ಮುದ್ರಿಸುವುದು, ಚಂದಾದಾರರಿಗೆ ಕಳಿಸುವುದು. ಉದ್ದೇಶ ಉದಾತ್ತ. ಆದರೆ ಹೆಚ್ಚಿನ ಕೃತಿಗಳಿಗೆ ಮೊದಲ ಮುದ್ರಣವೇ ಕೊನೆಯದೂ ಆಯಿತು. 1982ರಲ್ಲಿ ಕ್ಲೌಸ್ ಹೈಮನ್ ಶುರುಮಾಡಿದ ಮಾರ್ಕೊ ಪೋಲೊ ಎಂಬ ಧ್ವನಿಮುದ್ರಣ ಕಂಪನಿ ಈ ಕೆಲಸವನ್ನೇ ವ್ಯಾಪಾರವಾಗಿಸಿತು. ಹ್ಯಾವರ್ಗಲ್ ಬ್ರಯನ್‌ನ ದೈತ್ಯ ‘ಗಾಥಿಕ್’ ಸಿಂಫನಿಯನ್ನು ಬ್ರಾಟಿಸ್ಲಾವಾದಲ್ಲಿ ಮುದ್ರಿಸಿದ್ದು ಅವರೇ, ಅದು ಎಂಟೆದೆಯ ಕೆಲಸ. ಉಳಿದ ಎಷ್ಟೋ ತಟ್ಟೆಗಳಲ್ಲಿ ತಾಲೀಮು ಸಾಲದ ವಾದ್ಯವೃಂದ ಸ್ವರಲಿಪಿಯನ್ನು ಓದಿ ಮುಗಿಸುವುದಷ್ಟೇ ಕೇಳಿಸುತ್ತದೆ. ಕೇಳಿದವನು ಬೈಯುವುದು ಸಂಗೀತ ಬರೆದವನನ್ನು. ಮರೆಯಲ್ಲಿದ್ದವನು ಹೀಗೆ ಬೆಳಕಿಗೆ ಬಂದೇ ಸೋಲುತ್ತಾನೆ.

1991ರಿಂದ ಬಂದ, ಮತ್ತೊಂದು ಕಂಪನಿ ಹೈಪೀರಿಯನ್‌ನ ರೊಮ್ಯಾಂಟಿಕ್ ಪಿಯಾನೊ ಕಾನ್ಸರ್ಟೊ ಮಾಲಿಕೆಯಲ್ಲಿ ವಾದನ ಉನ್ನತ ಮಟ್ಟದ್ದು. ಆದರೆ ಅಲ್ಲಿಯೂ ಸಂಪುಟದ ಮೇಲೆ ಸಂಪುಟ. ಒಬ್ಬ ಅಪರಿಚಿತ ಕಿವಿಗೆ ಇಳಿಯುವ ಮೊದಲೇ ಇನ್ನೊಬ್ಬ ಬಾಗಿಲು ತಟ್ಟುತ್ತಾನೆ. ಸಂಗ್ರಾಹಕ ಸಂಖ್ಯೆ ಹಿಡಿದು ಕೊಳ್ಳುತ್ತಾನೆ. ಅರಸರ ಪಟ್ಟಿ ಪಕ್ಷಪಾತದ್ದು, ತಮಗೆ ಬೇಕೆನಿಸಿದ್ದಕ್ಕೇ ಹಣ. ಆ ಪಕ್ಷಪಾತ ನನಗೆ ಈ ಸಮಗ್ರತೆಗಿಂತ ಹೆಚ್ಚು ಸಂಗೀತಮಯವಾಗಿ ತೋರುತ್ತದೆ.

ಭಾರತದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಅರವತ್ತು ವರ್ಷ. ಮೆಟ್ನರ್‌ನ 78ರ ತಟ್ಟೆಗಳು ಆ ಗಡಿ ದಾಟಿವೆ, ಇಲ್ಲಿ ಯಾರಾದರೂ ಯಾರಿಗಾದರೂ ಅವನ್ನು ಕೊಡಬಹುದು. ಹೀಗೆ ಹಂಚುವ ಗೆಳೆಯರಲ್ಲಿ ನನ್ನದೊಂದು ತಕರಾರಿದೆ: ಇನ್ನೂರು ಕಡತಗಳನ್ನು ಒಮ್ಮೆಗೇ ಸುರಿದರೆ ಪಡೆದವನು ಒಂದನ್ನೂ ಕೇಳುವುದಿಲ್ಲ. ಹೊಸಬರಿಗೆ ನಾನಾದರೆ ಮೆಟ್ನರ್‌ನ ಎರಡನೆಯ ಕಾನ್ಸರ್ಟೊ ಒಂದನ್ನೇ ಕೊಡುತ್ತೇನೆ. ಮೊದಲು ಹೈಪೀರಿಯನ್‌ಗಾಗಿ ನಿಕೊಲಾಯ್ ಡೆಮಿಡೆಂಕೊ ನುಡಿಸಿದ್ದು, ಏಕೆಂದರೆ ಅಲ್ಲಿ ವಾದ್ಯವೃಂದ ಸ್ಪಷ್ಟ. ಒಂದು ವಾರ ಬಿಟ್ಟು ಇಸ್ಸೈ ಡೊಬ್ರೊವೆನ್ ನಿರ್ದೇಶನದಲ್ಲಿ ಮೆಟ್ನರ್ ತಾನೇ ನುಡಿಸಿದ್ದು. ಅದರಲ್ಲಿ ಕೆಲವು ಕಡೆ ಬೆರಳು ತಡವರಿಸಬಹುದು, ಲಯ ಮಾತ್ರ ತಡವರಿಸುವುದಿಲ್ಲ.