ಪುಣೆಯ ಪಾಠಕ್ಕೆ ಸಿಕ್ಕ ಪುಸ್ತಕ

ಪುಣೆಯ ವಿಶ್ರಾಮಬಾಗ್ ವಾಡೆಯನ್ನು ನೋಡಲು ಹೋಗುವವರು ಪೇಶ್ವೆ ಎರಡನೇ ಬಾಜೀರಾಯನ ವೈಭವ ಮತ್ತು ಮರದ ಕೆತ್ತನೆಯನ್ನು ಮೆಚ್ಚಿ ಮರಳುತ್ತಾರೆ. ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ, 1821ರಲ್ಲಿ, ಇಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. ಅದೇ ಬೆಳೆದು ಮುಂದೆ ಡೆಕ್ಕನ್ ಕಾಲೇಜಾಯಿತು.

ಆ ಕಾಲೇಜಿಗೆ ಪ್ರಾಂಶುಪಾಲನಾಗಿ ಇಂಗ್ಲೆಂಡಿನಿಂದ ಬಂದವನು ಎಡ್ವಿನ್ ಆರ್ನಾಲ್ಡ್. ಹುಟ್ಟಿದ್ದು 1832ರಲ್ಲಿ, ಬಂದಾಗ ವಯಸ್ಸು ಇಪ್ಪತ್ತೈದರ ಆಸುಪಾಸು. ಅದು 1857ರ ದಂಗೆಯ ಕಾಲ. ಬಿಳಿಯರಿಗೂ ನಮ್ಮವರಿಗೂ ನಡುವೆ ನಂಬಿಕೆಯೇ ಉಳಿಯದಿದ್ದ ದಿನಗಳಲ್ಲಿ ಈ ಹುಡುಗ ಸಂಸ್ಕೃತ ಕಲಿಯಲು ಕೂತ. ಪ್ರಾಂಶುಪಾಲನಿಗೆ ಅದರ ದರ್ದೇನೂ ಇರಲಿಲ್ಲ, ಸಂಬಳ ಹೇಗೂ ಬರುತ್ತಿತ್ತು!

ಫಲ, 1861ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಹಿತೋಪದೇಶದ ಇಂಗ್ಲಿಷ್ ರೂಪ. ಗದ್ಯವನ್ನು ಗದ್ಯವಾಗಿ, ಶ್ಲೋಕಗಳನ್ನು ಪದ್ಯವಾಗಿಯೇ ಉಳಿಸಿಕೊಂಡದ್ದು ಅದರ ದೊಡ್ಡ ಗುಣ. ಪ್ರಾಸದ ಚಪಲ ಅಲ್ಲಲ್ಲಿ ಅತಿಯಾಯಿತೆಂದು ನನಗನ್ನಿಸುತ್ತದೆ. ಆದರೆ ನರಿ, ಕಾಗೆ, ಇಲಿಗಳ ಮಾತಿನ ಚುರುಕು ಕಳೆದುಹೋಗಿಲ್ಲ. ಹಿತೋಪದೇಶಕ್ಕೆ ಪಂಚತಂತ್ರವೇ ಮುಖ್ಯ ಆಧಾರವಾದ್ದರಿಂದ, ದುರ್ಗಸಿಂಹನ ಪಂಚತಂತ್ರ ಓದಿದ ಕನ್ನಡಿಗರಿಗೆ ಈ ಪ್ರಾಣಿಗಳು ಹಳೆಯ ನೆಂಟರು.

1861ರಲ್ಲೇ ಊರಿಗೆ ಮರಳಿ ಪತ್ರಕರ್ತನಾದ ಆರ್ನಾಲ್ಡ್, 1879ರಲ್ಲಿ ಬುದ್ಧನ ಕಥೆಯನ್ನು ಕಾವ್ಯವಾಗಿಸಿದ. 1885ರಲ್ಲಿ ಗೀತೆಯನ್ನು ಅನುವಾದಿಸಿದ. ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿ ಗೀತೆಯನ್ನು ಮೊದಲು ಓದಿದ್ದು ಈ ಅನುವಾದದ ಜೊತೆಯಲ್ಲೇ.