ಕಛೇರಿಗೆ ಕರೆಯುವ ಕಾಗದ

ನಮ್ಮ ಊರುಗಳಲ್ಲಿ ನಡೆಯುವ ಯಾವುದಾದರೊಂದು ಸಂಗೀತ ಕಾರ್ಯಕ್ರಮದ ಆಹ್ವಾನ ಪತ್ರಿಕೆಯನ್ನು ಮೇಲಿನಿಂದ ಕೆಳಗೆ ಓದಿ ನೋಡಿ. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಎಲ್ಲ ಮುಗಿದ ಮೇಲೆ, ಪ್ರಾಯೋಜಕರ ಹೆಸರುಗಳಿಗೆ ತುಸು ಮೊದಲು ಒಂದು ಸಾಲು ಸಿಗುತ್ತದೆ: ನಂತರ ಸಂಗೀತ ಕಾರ್ಯಕ್ರಮ, ಇಂಥವರು ಮತ್ತು ಸಂಗಡಿಗರಿಂದ. ಏನು ಹಾಡುತ್ತಾರೆ, ತಬಲಾ ಯಾರದು, ಹಾರ್ಮೋನಿಯಂ ಯಾರದು, ಎಷ್ಟು ಹೊತ್ತಿನ ಹಾಡುಗಾರಿಕೆ ಎಂಬುದು ಎಲ್ಲೂ ಇರುವುದಿಲ್ಲ. ಕಥೆ ಕಾದಂಬರಿಗಳನ್ನು ವಿಮರ್ಶಿಸುವಷ್ಟೇ ಕಾಳಜಿಯಿಂದ ಈ ಕಾಗದವನ್ನೂ ವಿಮರ್ಶಿಸಬೇಕು ಎಂದು ನನಗೆ ಬಹುದಿನಗಳಿಂದ ಅನ್ನಿಸುತ್ತಿದೆ. ಕೇಳುಗರನ್ನು ಕರೆತರುವುದು ಸಂಘಟಕರ ಕೆಲಸ, ಧೈರ್ಯ ತಂದುಕೊಳ್ಳುವುದು ಕಲಾವಿದರ ಕೆಲಸ ಎಂದು ನಾವು ಹಂಚಿಬಿಟ್ಟಿದ್ದೇವೆ. ನಾನು ನೋಡಿದ ಮಟ್ಟಿಗೆ ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಜನ ಯಾಕೆ ಬಂದಿದ್ದಾರೆಂದು ಗೊತ್ತಿರುವ ಸಭೆಯಲ್ಲಿ ಹಾಡುವವರಿಗೆ ಅರ್ಧ ಧೈರ್ಯ ಅಲ್ಲೇ ಬಂದಿರುತ್ತದೆ.

ಚೆನ್ನಾಗಿ ಕರೆಯುವುದು ಹೇಗೆಂದು ನಮಗೆ ಗೊತ್ತಿಲ್ಲವೆಂದಲ್ಲ. ಬೆಂಗಳೂರಿನಲ್ಲಿ 1905ರಿಂದ ಗಾಯನ ಸಮಾಜವಿದೆ. ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಡಿ ತಿಂಗಳಿಡೀ ನಡೆಯುತ್ತ ಬಂದಿದೆ. ಅದರ ಕಛೇರಿಗಳ ಪಟ್ಟಿಯನ್ನು ನೋಡಿದರೆ ಯಾವ ದಿನ ಯಾರ ಗಾಯನ ಎಂಬುದರ ಜೊತೆಗೆ ಪಿಟೀಲು, ಮೃದಂಗ, ಘಟ ಯಾರದೆಂಬುದೂ ತಿಳಿಯುತ್ತದೆ. ಕೇಳುಗರು ಪಟ್ಟಿಯ ಮೇಲೆ ಗುರುತು ಹಾಕಿಕೊಂಡು, ಟಿಕೆಟ್ ಕೊಂಡು ಬರುತ್ತಾರೆ. ಇಂಥ ಪಟ್ಟಿಯನ್ನು ನಾನು ಪ್ರಚಾರಕ್ಕಿಂತ ಹೆಚ್ಚಿನದೆಂದು ಎಣಿಸುತ್ತೇನೆ. ಕೇಳುಗರಿಗೆ ಆಯ್ಕೆ ಇದೆ ಎಂದು ಅದು ಒಪ್ಪುತ್ತದೆ. ಆರಿಸಿಕೊಂಡು ಬಂದವರ ಎದುರು ಕೂತಾಗ ಮೃದಂಗದವರಿಗೂ ತಮ್ಮನ್ನು ಕೇಳಲೆಂದೇ ನಾಲ್ಕು ಜನ ಬಂದಿದ್ದಾರೆಂಬ ಅರಿವು ಇರುತ್ತದೆ. ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನಕ್ಕೆ ಜನ ಎದ್ದು ಹೋಗುವ ರೂಢಿ ನಮ್ಮಲ್ಲಿ ಇನ್ನೂ ಇದೆ ಎಂಬುದು ಬೇರೆ ನೋವು.

ಪಕ್ಕವಾದ್ಯದವರ ಮಾತು ಬಂದಾಗ ಪಿಟೀಲು ಚೌಡಯ್ಯನವರನ್ನು ನೆನೆಯದೆ ಮುಂದೆ ಹೋಗಲಾರೆ. ಸಭೆಗಳಿಗೆ ಮೈಕು ಇನ್ನೂ ಬಾರದಿದ್ದ ಕಾಲದಲ್ಲಿ, ತಮ್ಮ ವಾದ್ಯದ ದನಿ ಹಿಂದೆ ಕೂತವರಿಗೆ ಮುಟ್ಟುತ್ತಿಲ್ಲವೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು. ಸಂಪ್ರದಾಯದವರ ಆಕ್ಷೇಪಕ್ಕೆ ಎದೆಗೊಡಲು ಎಷ್ಟು ಆತ್ಮವಿಶ್ವಾಸ ಬೇಕಿತ್ತು! ಆ ವಿಶ್ವಾಸ ಬಂದದ್ದು ಕೊನೆಯ ಸಾಲಿನಲ್ಲಿ ಕೂತವನೂ ತನ್ನ ಕೇಳುಗನೇ ಎಂಬ ತಿಳಿವಳಿಕೆಯಿಂದ ಎಂದು ನನ್ನ ನಂಬಿಕೆ. ಅವರ ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನೇ ಕಟ್ಟಿ ಕಛೇರಿಗಳಿಗೆ ಜಾಗ ಮಾಡಿದವರು. ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಉತ್ಸವ ಶುರುಮಾಡಿ, ಅದನ್ನು ದಶಕಗಳ ಕಾಲ ಮುಂದೆ ನಿಂತು ನಡೆಸಿದರು. ಅಷ್ಟು ದೊಡ್ಡ ಗಾಯಕರು ಜನರನ್ನು ಕರೆಯುವ ಕೆಲಸವನ್ನು ಕೀಳೆಂದು ತಿಳಿಯಲಿಲ್ಲ. ಹಾಡುವವರು ಹಾಡಿಕೊಂಡಿರಲಿ, ಪ್ರಚಾರ ಅವರಿಗೆ ತಕ್ಕುದಲ್ಲ ಎಂಬ ಇವತ್ತಿನ ಮಾತಿಗೆ ನಮ್ಮ ಪರಂಪರೆಯಲ್ಲೇ ಆಧಾರವಿಲ್ಲ.

ಹಾಗೆಂದು ಆ ಹೊರೆಯನ್ನೆಲ್ಲ ಕಲಾವಿದರ ತಲೆಗೇ ಕಟ್ಟುವುದನ್ನು ಒಪ್ಪಲಾಗದು. ಈಗ ಹೊಸ ಗಾಯಕಿಯೊಬ್ಬಳಿಗೆ ವೇದಿಕೆ ಸಿಗುವುದು ಎಷ್ಟೋ ಕಡೆ ಷರತ್ತಿನ ಮೇಲೆ. ನಿಮ್ಮ ಕಡೆಯವರು ಐವತ್ತು ಜನ ಬರಲಿ, ಪೋಸ್ಟರ್ ನೀವೇ ಮಾಡಿಸಿ ವಾಟ್ಸಾಪಿನಲ್ಲಿ ಹಂಚಿ, ಇನ್‌ಸ್ಟಾಗ್ರಾಮಿಗೆ ಒಂದು ರೀಲು ಹಾಕಿ, ಸಂಭಾವನೆ ಮಾತ್ರ ಕೇಳಬೇಡಿ, ಅವಕಾಶ ಕೊಟ್ಟಿದ್ದೇವಲ್ಲ. ಇಷ್ಟೆಲ್ಲ ಮಾಡಿ ಬಂದವಳಿಗೆ ಗ್ರೀನ್ ರೂಮಿನಲ್ಲಿ ಚೀಟಿ ತಲುಪುತ್ತದೆ: ಅತಿಥಿಗಳು ಬರುವುದು ತಡವಾಯಿತು, ಎರಡು ಹಾಡಿಗೆ ಮುಗಿಸಿ. ವಾರಗಟ್ಟಲೆ ತೀಡಿದ ರಾಗವನ್ನು ಹತ್ತು ನಿಮಿಷಕ್ಕೆ ಇಳಿಸಬೇಕು. ಶ್ರುತಿ ಕೂಡಿಸಿಕೊಳ್ಳುವಷ್ಟರಲ್ಲಿ ಹಿಂದೆ ಶಾಲು ಹಾರ ಜೋಡಿಸುವ ಸದ್ದು. ಮನೆಗೆ ಮರಳುವಾಗ ಅವಳ ಕೈಯಲ್ಲಿ ಒಂದು ಸ್ಮರಣಿಕೆ ಇರುತ್ತದೆ, ತಬಲಾದವರಿಗೆ ಕೊಡಬೇಕಾದ ಹಣ ಅವಳ ಚೀಲದಿಂದಲೇ ಹೋಗಿರುತ್ತದೆ. ಇಂಥ ಮೂರು ಸಂಜೆಗಳಾದ ಮೇಲೆ ಅವಳ ದನಿ ನಡುಗಿದರೆ ಅದನ್ನು ಸಭಾಕಂಪನವೆಂದು ಕರೆದು ಪ್ರಾಣಾಯಾಮ ಹೇಳಿಕೊಡುವುದು ಅನ್ಯಾಯ.

ಧೈರ್ಯ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಸ್ವತಃ ಕಣ್ಣಿಲ್ಲದವರು. ಕಣ್ಣಿಲ್ಲದ, ಬಡ ಮನೆಗಳ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಆಶ್ರಮದ ಖರ್ಚಿಗೆಂದು ನಾಟಕ ಸಂಘವನ್ನೂ ನಡೆಸಿದರು. ಇದರಿಂದ ಆದದ್ದೇನು ನೋಡಿ. ಪುರಾಣ ಪ್ರವಚನ, ಕೀರ್ತನ, ಜಾತ್ರೆ, ನಾಟಕದ ರಂಗ ಎಂದು ಊರಿಂದೂರಿಗೆ ಹೋಗುತ್ತಿದ್ದ ಶಿಷ್ಯರಿಗೆ ಜನರ ಎದುರು ಕೂತು ನುಡಿಸುವುದು ಪಾಠದ ಒಂದು ಭಾಗವೇ ಆಯಿತು. ಇವತ್ತು ಹಾರ್ಮೋನಿಯಂ ಸಾಥ್, ನಾಳೆ ತಬಲಾ, ನಾಡಿದ್ದು ಗಾಯನ. ಒಂದು ಸಂಜೆ ಕೆಟ್ಟರೆ ಮರುದಿನ ಇನ್ನೊಂದು ಸಂಜೆ ಇತ್ತು. ಹನ್ನೆರಡು ವರ್ಷ ಅಲ್ಲಿ ಕಲಿತ ಪಂಡಿತ ವೆಂಕಟೇಶ ಕುಮಾರ್ ಅವರ ಗಾಯನದಲ್ಲಿ ವಚನವೂ ದಾಸರ ಪದವೂ ಖ್ಯಾಲಿನಷ್ಟೇ ನಿರಾತಂಕವಾಗಿ ನಿಲ್ಲುತ್ತವೆ. ಎಲ್ಲ ಬಗೆಯ ಕೇಳುಗರನ್ನು ಕಂಡ ಗಂಟಲು ಅದು. ದೇಶ ಅವರನ್ನು ಗುರುತಿಸಿದ್ದು ತಡವಾಗಿ, ಪದ್ಮಶ್ರೀ ಬಂದದ್ದು 2016ರಲ್ಲಿ. ಆದರೆ ಉತ್ತರ ಕರ್ನಾಟಕದ ಜನ ಅದಕ್ಕೆ ಎಷ್ಟೋ ಮೊದಲೇ ಅವರನ್ನು ಕೂತು ಕೇಳಿದ್ದರು.

ಇನ್ನು ಹೆಸರಿನ ಮುಂದಿನ ಬಿರುದುಗಳು. ಗಂಗೂಬಾಯಿ ಹಾನಗಲ್ಲರು ತುಂಬು ನೋವಿನಿಂದ ಆಡಿದ್ದ ಮಾತೊಂದಿದೆ: ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ, ಹಿಂದೂವಾದರೆ ಪಂಡಿತ, ಹೆಂಗಸು ಮಾತ್ರ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬ ಅರ್ಥದ್ದು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಎದುರು ಹಾಡಿದ ಬಾಲಕಿ ಅವರು. ಹೆಸರನ್ನು ಹೇಗೆ ಬರೆಯುತ್ತಾರೆ ಎಂಬುದು ಹಾಡುವವರ ಮನಸ್ಸಿಗೆ ಎಷ್ಟು ತಟ್ಟುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಕ್ಕಿಲ್ಲ. ಈಗ ನಾವು ಇನ್ನೊಂದು ತುದಿಗೆ ಹೋಗಿದ್ದೇವೆ. ಮೊದಲ ಕಛೇರಿ ಮಾಡುವ ಹುಡುಗನಿಗೂ ಗಾನಗಂಧರ್ವ, ನಾದಯೋಗಿ ಎಂದು ಅಚ್ಚು ಹಾಕಿಸುತ್ತೇವೆ. ಇದರಿಂದ ಅವನಿಗೆ ಉಪಕಾರವಾಗುವುದಿಲ್ಲ. ಅಷ್ಟೆತ್ತರದ ಹೆಸರಿಗೆ ತಕ್ಕಂತೆ ಹಾಡಬೇಕೆಂಬ ಭಯ ಅವನನ್ನು ಹಿಡಿಯುತ್ತದೆ, ಇಲ್ಲವೇ ಕಲಿಯುವುದು ಮುಗಿಯಿತೆಂಬ ಭ್ರಮೆ ಹಿಡಿಯುತ್ತದೆ. ಯಾರಲ್ಲಿ ಕಲಿಯುತ್ತಿದ್ದಾನೆ, ಅಂದು ಯಾವ ರಾಗವನ್ನು ವಿಸ್ತರಿಸಲಿದ್ದಾನೆ ಎಂಬ ಎರಡು ಸಾಲು ಬರೆದರೆ ಕೇಳುಗನಿಗೆ ಬರಲು ಕಾರಣ ಸಿಗುತ್ತದೆ, ಹುಡುಗನಿಗೆ ಆ ಕಾರಣವನ್ನು ಉಳಿಸಿಕೊಳ್ಳುವ ದಾರಿ ಕಾಣುತ್ತದೆ. ಆಕಾಶವಾಣಿಯ ಶ್ರೇಣಿಯನ್ನು ಬರೆಯುವ ರೂಢಿಗೆ ನನ್ನ ಆಕ್ಷೇಪವಿಲ್ಲ. ಪರೀಕ್ಷೆಗೆ ಕೂತು ಪಡೆದದ್ದು ಅದು.

ಪ್ರವೇಶ ಉಚಿತ ಎಂಬ ಮಾತನ್ನು ನಾನು ಪೂರ್ತಿ ವಿರೋಧಿಸಲಾರೆ. ದೇವಸ್ಥಾನದ ಅಂಗಳದಲ್ಲಿ, ಗಣೇಶನ ಪೆಂಡಾಲಿನಲ್ಲಿ, ಮೈಸೂರು ದಸರೆಯ ಅರಮನೆಯಂಗಳದಲ್ಲಿ ದುಡ್ಡಿಲ್ಲದವರೂ ದೊಡ್ಡ ಸಂಗೀತ ಕೇಳಿ ಬೆಳೆದ ನಾಡು ಇದು. ಅದು ಹಾಗೆಯೇ ಉಳಿಯಬೇಕು. ಆದರೆ ಸಭಾಂಗಣದ ಬಾಡಿಗೆ, ಶಾಮಿಯಾನ, ಫ್ಲೆಕ್ಸ್, ಊಟ, ಸ್ಮರಣಿಕೆ ಎಲ್ಲಕ್ಕೂ ದರ ನಿಗದಿಯಾಗಿ, ಸಂಗೀತ ಮಾತ್ರ ಉಚಿತವಾಗುವ ಲೆಕ್ಕವನ್ನು ಖಂಡಿಸಲೇಬೇಕು. ಟಿಕೆಟ್ ಇಡಲಾಗದಿದ್ದರೆ ಬೇಡ, ಸಂಭಾವನೆಯನ್ನು ಮೊದಲೇ ಮಾತಾಡಿ, ಪಕ್ಕವಾದ್ಯದವರದೂ ಸೇರಿಸಿ, ಕಛೇರಿ ಮುಗಿದ ರಾತ್ರಿಯೇ ಕೊಡಿ. ಜನ ಬರುವ ಮುನ್ನ ಮೈಕು ಪರೀಕ್ಷಿಸಲು ಅರ್ಧ ಗಂಟೆ ಬಿಡಿ. ಭಾಷಣಗಳಿಗೆ ಹಾಡುಗಾರಿಕೆ ಮುಗಿದ ಮೇಲೆ ಸಮಯ ಕೊಡಿ. ಆತ್ಮವಿಶ್ವಾಸದ ಮೇಲೆ ನಡೆಯುವ ಶಿಬಿರಗಳಿಗಿಂತ ಇವು ಹೆಚ್ಚು ಕೆಲಸ ಮಾಡುತ್ತವೆ.

ಕೇಳುಗರಾದ ನಮ್ಮ ಪಾಲೂ ಇದೆ. ದೊಡ್ಡವರ ಕಛೇರಿ ಆರೂವರೆಗೆ ಎಂದು ಗೊತ್ತಿದ್ದು ನಾವು ಆರೂ ಇಪ್ಪತ್ತಕ್ಕೆ ಹೋಗುತ್ತೇವೆ. ಐದಕ್ಕೆ ಕೂತ ಎಳೆಯರು ಖಾಲಿ ಕುರ್ಚಿಗಳಿಗೆ ಹಾಡಿ ಎದ್ದಿರುತ್ತಾರೆ. ದಯವಿಟ್ಟು ಮುಂದಿನ ಸಲ ಐದಕ್ಕೇ ಬನ್ನಿ, ಕೊನೆಯ ಮಂಗಳದವರೆಗೆ ಕೂತಿರಿ, ಹೊರಡುವ ಮುನ್ನ ಐದಕ್ಕೆ ಹಾಡಿದ ಹುಡುಗಿಯ ಹತ್ತಿರ ಹೋಗಿ ಅವಳು ಹಾಡಿದ್ದರಲ್ಲಿ ನಿಮಗೆ ಯಾವುದು ಹಿಡಿಸಿತು ಎಂದು ಹೇಳಿ.